ಬೋಣಿ ಕೊಸರು

ಸತ್ತ ಭಾರವನ್ನು ಯಾರು ಬೇಕಾದರೂ ತೂಗಬಹುದು. ಜೀವವಿರುವ ಭಾರದ ಮಾತೇ ಬೇರೆ. ಮುಳ್ಳು ನಿಂತಿತು ಎಂದು ನೀವು ಬರೆದುಕೊಳ್ಳುವಷ್ಟರಲ್ಲಿ ಅದು ತನ್ನ ಪಾಡಿಗೆ ತಾನು ಸರಿದು ಬೇರೆ ಕಡೆ ಕೂತಿರುತ್ತದೆ. ತೂಕ ಅಷ್ಟೇ, ಕೂತ ಜಾಗ ಬೇರೆ. ನೆಲದ ಮೇಲಾದರೆ ಇದರಿಂದ ಯಾರ ಗಂಟೂ ಹೋಗುವುದಿಲ್ಲ. ವಿಮಾನದೊಳಗಾದರೆ ಹೋಗುತ್ತದೆ.

ಇದು ಪಂಪಾಪತಿಗೆ ಗೊತ್ತಿದ್ದಷ್ಟು ಎಡದಂಡೆ ಕಾಲುವೆಯ ಉದ್ದಕ್ಕೂ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕಿ ಗಿರಣಿಯ ಲಾರಿ ತೂಗುವ ಕಟ್ಟೆಯ ಮೇಲೆ ಇಪ್ಪತ್ತಾರು ವರ್ಷ ಕೂತೆದ್ದ ಮನುಷ್ಯ. ಸಿಂಧನೂರಿನ ಆಚೆ ಸಿಂಪಡಣೆ ವಿಮಾನ ಏರಿ ಇಳಿಯುವ ಪಟ್ಟಿ ಶುರುವಾದಾಗ ತೂಕದ ಗುಮಾಸ್ತ ಬೇಕು ಎಂದರು, ಇವನನ್ನೇ ಕರೆದರು. ವಿಮಾನ ಒಂದೇ, ಸಣ್ಣದು. ಮುಂದೆ ಎಂಜಿನ್, ಅದರ ಬೆನ್ನಿಗೆ ಆರುನೂರು ಲೀಟರಿನ ಟ್ಯಾಂಕು, ಟ್ಯಾಂಕಿನ ಹಿಂದೆ ಪೈಲಟ್, ಆಮೇಲೆ ಉದ್ದ ಬಾಲ. ಪ್ರತಿ ಹಾರಾಟಕ್ಕೂ ಪಂಪಾಪತಿ ಒಂದು ನೀಲಿ ಹಾಳೆ ತುಂಬಬೇಕು. ಪೈಲಟ್ ಎಷ್ಟು ಕಿಲೋ, ಎಣ್ಣೆ ಎಷ್ಟು, ಟ್ಯಾಂಕಿನಲ್ಲಿ ಎಷ್ಟು, ಒಂದೊಂದೂ ನಡುಬಿಂದುವಿನಿಂದ ಎಷ್ಟು ದೂರ. ತೂಕವನ್ನು ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಮೊತ್ತ ಎರಡು ಗೆರೆಗಳ ನಡುವೆ ಬಿತ್ತೋ ಇಲ್ಲವೋ ನೋಡಬೇಕು. ಗಾಡಿಗೆ ಹೇರು ಹೇರುವ ಯಾರಿಗಾದರೂ ಗೊತ್ತಿರುವ ಲೆಕ್ಕವೇ ಇದು. ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಬಾಗುತ್ತದೆ, ಹಿಂದೆ ಹೆಚ್ಚಾದರೆ ನೊಗ ಕಟ್ಟಿದ ಮೂಕಿ ಮೇಲಕ್ಕೇಳುತ್ತದೆ. ಗಾಡಿ ಮೂಕಿ ಎತ್ತಿದರೆ ನಾಲ್ಕು ಜನ ನಗುತ್ತಾರೆ. ಆಕಾಶದಲ್ಲಿ ಮೂಕಿ ಎದ್ದರೆ ನಗುವವರು ಇರುವುದಿಲ್ಲ.

ಇನ್ನು ಟ್ಯಾಂಕಿನೊಳಗೆ ಹೋಗುತ್ತಿದ್ದದ್ದು ಏನು ಅಂತೀರಾ? ಉಪ್ಪುಗಳ್ಳ. ಪ್ರಯೋಗಾಲಯದವರು ಅದಕ್ಕೆ ಇಟ್ಟ ಹೆಸರು ಒಂದು ಮೊಳ ಉದ್ದ ಇತ್ತು, ಜನ ಅದನ್ನು ಕೇಳಿಸಿಕೊಂಡು ಅಲ್ಲೇ ಬಿಟ್ಟರು. ಕಣ್ಣಿಗೆ ಕಾಣದಷ್ಟು ಚಿಕ್ಕ ಹಸಿರು ಜೀವ. ಒಂದೊಂದೂ ಹೊಟ್ಟೆಯಲ್ಲಿ ಜಿಪ್ಸಂನ ಒಂದು ಕಣ ಹೊತ್ತಿರುತ್ತದೆ. ಸೌಳು ಹಿಡಿದ ಹೊಲಕ್ಕೆ ಬಿದ್ದ ಕೂಡಲೇ ಆ ಕಣವನ್ನು ಮಣ್ಣಿಗೆ ಕೊಟ್ಟು ಮಣ್ಣಿನ ಉಪ್ಪನ್ನು ತಾನು ನುಂಗುತ್ತದೆ. ಕೆಸರಿನಲ್ಲಿ ಟ್ರ್ಯಾಕ್ಟರ್ ಹೂತುಹೋಗುವ ನೆಲ, ಅದಕ್ಕೇ ವಿಮಾನ. ಮೂರು ವರ್ಷದಲ್ಲಿ ಸುಣ್ಣ ಬಳಿದಂತಿದ್ದ ಹೊಲಗಳು ಮತ್ತೆ ಭತ್ತ ಕಂಡಿದ್ದವು.

ಈ ಕಳ್ಳನಿಗೆ ಒಂದೇ ಚಾಳಿ, ಬೆಚ್ಚಗಿನ ಜಾಗ ಹುಡುಕುವುದು. ತೆಳು ನೀರಿನಲ್ಲಿದ್ದವು ಅಷ್ಟು ಕಾಟ ಕೊಡುತ್ತಿರಲಿಲ್ಲ, ನೀರಿನ ಜೊತೆ ಹೊಲಕ್ಕೆ ಹೋಗುತ್ತಿದ್ದವು. ಇವನ್ನು ಬೆಳೆಸುವ ತೊಟ್ಟಿಯ ತಳದಲ್ಲಿ ಕೂತ ಗಸಿ ಮಾತ್ರ ಎಂಜಿನ್ ಕಾವಿಗೆ ಟ್ಯಾಂಕಿನ ಮುಂದಿನ ಗೋಡೆಗೆ ಸರಿದು ಕಚ್ಚಿಕೊಂಡರೆ ಸಂಜೆ ತೊಳೆಯುವ ತನಕ ಬಿಡುತ್ತಿರಲಿಲ್ಲ. ಆದ್ದರಿಂದ ಗಸಿ ಹಾಕಕೂಡದು, ಮೇಲಿನ ತಿಳಿಯನ್ನಷ್ಟೇ ತುಂಬಬೇಕು ಎಂದು ನಿಯಮವಿತ್ತು.

ನಿಯಮ ಇತ್ತು, ಹುಸೇನಬಿಯೂ ಇದ್ದಳು. ತೊಟ್ಟಿಯಿಂದ ಟ್ಯಾಂಕಿಗೆ ತುಂಬುವ ಆರು ಜನ ಹೆಣ್ಣುಮಕ್ಕಳಿಗೆ ಅವಳೇ ಮುಂದಾಳು. ಪೈಲಟ್ ದಾವಲಸಾಬ ಅವಳ ಒಬ್ಬನೇ ಮಗ. ದಿನದ ಮೊದಲ ಸುತ್ತು ತುಂಬಿ ಅಳತೆಯ ಗೆರೆ ಮುಟ್ಟಿದ ಮೇಲೆ ಆರೂ ಜನ ಒಂದೊಂದು ಸಣ್ಣ ಬಿಂದಿಗೆ ಗಸಿ ಎತ್ತಿ ಒಳಗೆ ಸುರಿಯುತ್ತಿದ್ದರು. ಬೋಣಿಯ ಕೊಸರು. ತರಕಾರಿಯವಳು ಕಿಲೋ ತೂಗಿದ ಮೇಲೆ ನಾಲ್ಕು ಮೆಣಸಿನಕಾಯಿ ಹಾಕುತ್ತಾಳಲ್ಲ, ಹಾಗೆ.

“ಬೀಜ, ಹೆಪ್ಪು, ಹಾಲು, ಇವನ್ನ ಬರೋಬ್ಬರಿ ಅಳದು ಕೊಡಬಾರ್ದಣ್ಣ,” ಎಂದಿದ್ದಳು ಹುಸೇನಬಿ, ಮೊದಲ ಸಲ ಪಂಪಾಪತಿ ಕಂಡುಹಿಡಿದಾಗ. “ಜೀವ ಇದ್ದದ್ದನ್ನ ಕೊಡೋವಾಗ ಕೈ ಸ್ವಲ್ಪ ಸಡ್ಲ ಇರ್ಬೇಕು. ಮ್ಯಾಲೆ ಹೋಗಾವ ನನ್ ಮಗ.”

ಪಂಪಾಪತಿಯ ತಾಯಿಯೂ ಹೀಗೇ. ಬೈಯಲು ಬಾಯಿ ಬರಲಿಲ್ಲ. ಮೇಲಿನವರಿಗೆ ಬರೆದರೆ ಆರು ಜನರ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಒಳಗೊಳಗೇ ಲೆಕ್ಕ ಸರಿಮಾಡುವ ಗಿರಣಿಯ ಖಯಾಲಿ ಅವನನ್ನು ಬಿಟ್ಟಿರಲಿಲ್ಲ. ಬಿಂದಿಗೆಗೆ ಐದು ಕಿಲೋ, ಆರು ಬಿಂದಿಗೆಗೆ ಮೂವತ್ತು. ಅದು ನಡುಬಿಂದುವಿನಿಂದ ಒಂದೂವರೆ ಮೀಟರ್ ಮುಂದೆ ಕಚ್ಚಿಕೊಳ್ಳುತ್ತದೆ. ಗುಣಿಸಿದರೆ ನಲವತ್ತೈದು. ಬಾಲ ನಾಲ್ಕೂವರೆ ಮೀಟರ್ ಹಿಂದೆ. ಅಲ್ಲಿ ಹತ್ತು ಕಿಲೋ ಇಟ್ಟರೆ ಅದೂ ನಲವತ್ತೈದು. ಎಂಥ ಚಂದದ ಲೆಕ್ಕ! ಹೆಂಡತಿ ಬಸಲಿಂಗಮ್ಮನ ಕೈಯಲ್ಲಿ ದಪ್ಪ ಖಾಕಿ ಬಟ್ಟೆಯ ಚೀಲ ಹೊಲಿಸಿದ, ಸೀಸದ ಗುಂಡು ತುಂಬಿದ, ಬಾಲದ ಸಣ್ಣ ಬಾಗಿಲಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿಟ್ಟು ಮತ್ತೆ ಬಿಗಿದ.

“ಯವ್ವಾ, ವಿಮಾನಕ್ಕೂ ದಿಂಬು ಬೇಕೇನ್ರಿ?” ಎಂದು ಬಸಲಿಂಗಮ್ಮ ನಕ್ಕಿದ್ದಳು.

ನೀಲಿ ಹಾಳೆಯಲ್ಲಿ ಮೂವತ್ತೂ ಇಲ್ಲ, ಹತ್ತೂ ಇಲ್ಲ. ಮೂರು ವರ್ಷ ವಿಮಾನ ಹದವಾಗಿ ಹಾರಿತು. ದಾವಲ್ ಇಳಿದು ಬಂದು, “ಕಾಕಾ, ನಿಮ್ ಲೆಕ್ಕ ಅಂದ್ರ ಲೆಕ್ಕ ನೋಡ್ರಿ,” ಎನ್ನುವಾಗ ಪಂಪಾಪತಿಯ ಎದೆ ಉಬ್ಬುತ್ತಿತ್ತು.

ಆಮೇಲೆ ಪಂಪು ಬಂತು.

ಅದನ್ನು ತಂದವಳು ಪ್ರಯೋಗಾಲಯದ ಶಾಲ್ಮಲಾ ಮೇಡಂ, ಧಾರವಾಡದವಳು, ಉಪ್ಪುಗಳ್ಳನನ್ನು ಸಾಕಿ ಬೆಳೆಸಿದವಳು. ತೊಟ್ಟಿಯ ಮೇಲಿನ ತಿಳಿಯನ್ನು ಸೋಸಿ, ಲೀಟರಿಗೆ ಲೀಟರ್ ಅಳೆದು, ಆರು ನಿಮಿಷದಲ್ಲಿ ಟ್ಯಾಂಕು ತುಂಬುವ ಯಂತ್ರ. ಅವತ್ತು ಬೆಳಿಗ್ಗೆ ಪಂಪಿಗೆ ಹೂವಿನ ಹಾರ ಹಾಕಿ ಎಲ್ಲರೂ ಸುತ್ತ ನಿಂತಿದ್ದರು. ಹುಸೇನಬಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡೇ ಬಂದಳು.

“ಮೇಡಮ್ಮಾರ, ಬೋಣಿಗೆ ಕೊಸರಿಲ್ದ ಕಳಸಬ್ಯಾಡ್ರಿ.”

“ಇನ್ನ ಮ್ಯಾಲೆ ಅಳತಿ ಅಂದ್ರ ಅಳತಿ, ಅಮ್ಮಾ,” ಎಂದಳು ಶಾಲ್ಮಲಾ ನಗುತ್ತ. “ನಿಮಗೆಲ್ಲಾ ಬ್ಯಾರೆ ಕೆಲಸ ಕೊಡ್ತೀವಿ, ಚಿಂತಿ ಮಾಡಬ್ಯಾಡ್ರಿ.”

ಪಂಪಾಪತಿಯ ತಲೆಯಲ್ಲಿ ಆ ಕ್ಷಣವೇ ಲೆಕ್ಕ ಓಡಿತು. ಮುಂದಿನ ಮೂವತ್ತು ಹೋಯಿತು. ಹಿಂದಿನ ಹತ್ತು ಉಳಿಯಿತು. ಟ್ಯಾಂಕು ತುಂಬಿರುವ ತನಕ ತೊಂದರೆಯಿಲ್ಲ. ಟ್ಯಾಂಕು ಬರಿದಾದಾಗ ಭಾರ ಹಿಂದಿನ ಗೆರೆ ದಾಟಿ ನಾಲ್ಕು ಬೆರಳು ಆಚೆ ಹೋಗುತ್ತದೆ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಬಾಲದ ಕಡೆ ನಾಲ್ಕು ಹೆಜ್ಜೆ ಹಾಕಿದ. ಎಲ್ಲರ ಎದುರಿಗೆ ಬಾಗಿಲು ಬಿಚ್ಚಿ ಚೀಲ ತೆಗೆದರೆ, ಇದೇನು, ಎಷ್ಟು ದಿನದಿಂದ, ಯಾರನ್ನು ಕೇಳಿ ಇಟ್ಟಿರಿ ಎಂದು ಕೇಳುತ್ತಾರೆ. “ಪಂಪಾಪತಿಯವರ, ಬರ್ರಿ, ಫೋಟೋಕ್ಕ ನಿಲ್ರಿ,” ಎಂದು ಶಾಲ್ಮಲಾ ಕರೆದಳು. ಒಂದು ಸುತ್ತಿಗೆ ಏನಾದೀತು, ಬಂದ ಮೇಲೆ ಮೆಲ್ಲಗೆ ತೆಗೆದರಾಯಿತು ಎಂದುಕೊಂಡ. ಹೋಗಿ ಫೋಟೋಕ್ಕೆ ನಿಂತ. ಆ ಫೋಟೋದಲ್ಲಿ ಅವನು ನಗುತ್ತಿದ್ದಾನೆ.

ಮೊದಲ ಸುತ್ತಿನ ಕೊನೆಯ ತಿರುವಿನಲ್ಲಿ, ಟ್ಯಾಂಕು ಬರಿದಾಗಿ ವಿಮಾನ ಮೇಲೇಳುವಾಗ, ಮೂತಿ ಎದ್ದದ್ದು ಎದ್ದೇಬಿಟ್ಟಿತು. ಅರೆಗಳಿಗೆ ಆಕಾಶದಲ್ಲಿ ನಿಂತಂತಾಗಿ, ಒಂದು ಮಗ್ಗುಲಿಗೆ ಹೊರಳಿ, ಕೆಸರುಗದ್ದೆಗೆ ಬಿತ್ತು. ಎಲ್ಲರಿಗಿಂತ ಮೊದಲು ಅಲ್ಲಿ ಮುಟ್ಟಿದವನು ಪಂಪಾಪತಿ, ತನ್ನ ಮೊಪೆಡ್ ಮೇಲೆ. ಉಳಿದವರು ಬದುವಿನ ಮೇಲೆ ಓಡಿಬರುವಷ್ಟರಲ್ಲಿ ಅವನು ದಾವಲ್‌ನನ್ನು ಹೊರಗೆಳೆದು, ಪಂಚೆಯ ಅಂಚು ಹರಿದು ಕಾಲಿಗೆ ಬಿಗಿದಿದ್ದ. ಊರೆಲ್ಲ ಹೊಗಳಿತು. ಮೊಪೆಡ್ಡಿನ ಡಬ್ಬಿಯಲ್ಲಿ ಖಾಕಿ ಚೀಲ ಇತ್ತು. ಅದನ್ನು ಯಾರೂ ನೋಡಲಿಲ್ಲ.

ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. “ಐದು ನಿಮಿಷ ಮುಂಚೆ ಕಟ್ಟಿದ್ರೆ ಕಾಲು ಉಳೀತಿತ್ತೇನೋ. ಜೀವ ಉಳೀತಲ್ಲ, ಅದು ದೊಡ್ಡದು,” ಎಂದರು ಡಾಕ್ಟರು. ಹುಸೇನಬಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಪಂಪಾಪತಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನಿಗೆ ಕೈ ಕಿತ್ತುಕೊಳ್ಳಬೇಕು ಅನ್ನಿಸಿತು, ಕಿತ್ತುಕೊಳ್ಳಲಿಲ್ಲ. ನೀಲಿ ಹಾಳೆಯಲ್ಲಿ ದಾವಲ್ ಎಂದರೆ ಅರವತ್ನಾಲ್ಕು ಕಿಲೋ. ಒಂದು ಕಾಲಿಗೆ ಮೂರೂವರೆ ಕಳೆದರೆ ಅರವತ್ತೂವರೆ. ಬೇಡ ಬೇಡ ಎಂದರೂ ತಲೆ ಕಳೆದೇ ಕಳೆಯಿತು. ಥೂ, ಇದೂ ಒಂದು ಜನ್ಮವೇ ಎಂದು ತನ್ನನ್ನು ತಾನೇ ಬೈದುಕೊಂಡ.

ಮನೆಯಲ್ಲಿ ಬಸಲಿಂಗಮ್ಮ ಆ ಚೀಲಕ್ಕೆ ಒಳ್ಳೆಯ ಕೆಲಸ ಹುಡುಕಿದ್ದಳು. ಖಡಕ್ ರೊಟ್ಟಿ ಒಣಗುವಾಗ ಸೊಟ್ಟಾಗಬಾರದಲ್ಲ, ಅಟ್ಟಿಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಚೀಲ. ಪಂಪಾಪತಿ ದಿನಾ ಆ ರೊಟ್ಟಿ ಮುರಿದು ತಿನ್ನಬೇಕು. ಮುರಿದಾಗ ಬರುವ ಸದ್ದಿಗೇ ಬೆಚ್ಚುತ್ತಿದ್ದ. ಬಂದವರು, “ಅಲ್ಲೋ ಪಂಪಣ್ಣ, ಹೋದ ಕೂಡ್ಲೇ ಏನ್ ಮಾಡಿದಿ, ಹೆಂಗ್ ತಗದಿ ಹುಡುಗನ್ನ?” ಎಂದು ಕೇಳಿದರೆ ನೀರು ಕುಡಿಯಬೇಕೆಂದು ಎದ್ದು ಹೋಗುತ್ತಿದ್ದ.

ಐದು ವಾರ ಕಳೆದ ಮೇಲೆ ಶಾಲ್ಮಲಾ ಅವನನ್ನು ಪ್ರಯೋಗಾಲಯಕ್ಕೆ ಕರೆಸಿದಳು. ಮೇಜಿನ ಮೇಲೆ ಮೊಳದುದ್ದದ ಗಾಜಿನ ಪೆಟ್ಟಿಗೆ, ಒಂದು ಕೊನೆಗೆ ಬಿಸಿಮಾಡುವ ತಟ್ಟೆ. ಅವಳು ಒಂದು ಲೋಟ ಗಸಿ ಸುರಿದಳು. ನೋಡನೋಡುತ್ತಿದ್ದಂತೆ ಹಸಿರು ಮೋಡ ತೆವಳಿಕೊಂಡು ಬಿಸಿಯ ಕಡೆ ಹೋಗಿ ಗಾಜಿಗೆ ಅಂಟಿತು.

“ಬಾಡಿಗಿ ವಿಮಾನ ತಂದು ಪಂಪಿನಿಂದ ತುಂಬಿ ಹೊಡದ್ವಿ. ಒಂದ ಹೊಲಾನೂ ಹಸರಾಗವಲ್ದು,” ಎಂದಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. “ಈ ಗಸೀನ ಹೆಪ್ಪಿದ್ದಂಗ. ಟ್ಯಾಂಕಿನ ಗೋಡಿಗೆ ಕೂತು ದಿನಪೂರ್ತಿ ಮರಿ ಹಾಕ್ತದ, ಆ ಮರಿ ಗಟ್ಟಿ. ಬರೇ ತಿಳಿ ಹೊಡದ್ರ ಮಣ್ಣಿಗೆ ಬಿದ್ದು ಸಾಯ್ತದ. ಹಂಗಿದ್ರ ಮೊದಲೆಲ್ಲಾ ಟ್ಯಾಂಕಿಗೆ ಗಸಿ ಹೆಂಗ ಹೋಗ್ತಿತ್ತು? ಹುಸೇನಬಿ ಕೊಸರು ಕೊಸರು ಅಂತ ಅಳ್ತಾಳ. ಕೊಸರು ಇಲ್ಲಂತನ ವಿಮಾನ ಬಿತ್ತು ಅಂತಾಳ, ಪಾಪ. ಒಂದು ಚಂಬು ಸುರದಿರಬೇಕು ಅಷ್ಟ. ನೀವು ಅಲ್ಲೇ ಇರ್ತಿದ್ರಲ್ಲ, ಎಷ್ಟು ಹಾಕ್ತಿದ್ರು?”

ಮೂವತ್ತು ಕಿಲೋ. ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನು ಎಂದು ಅವನಿಗೆ ಗೊತ್ತು: ಹಾಳೆಯಲ್ಲಿಲ್ಲದ ಮೂವತ್ತು ಕಿಲೋ ಮುಂದೆ ಕೂತರೂ ವಿಮಾನ ಹೇಗೆ ಹದವಾಗಿ ಹಾರುತ್ತಿತ್ತು?

“ನಾ ನೋಡಿಲ್ರಿ ಮೇಡಂ,” ಎಂದ.

ಹೊರಗೆ ಬಂದು ಮೊಪೆಡ್ಡಿನ ಹತ್ತಿರ ಬಹಳ ಹೊತ್ತು ನಿಂತ. ಹುಸೇನಬಿಯನ್ನು ಊರೆಲ್ಲ ಅಯ್ಯೋ ಪಾಪ ಎಂದು ನಗುತ್ತಿತ್ತು. ಅವಳು ಹೇಳುತ್ತಿದ್ದದ್ದು ಕೂದಲೆಳೆಯಷ್ಟೂ ತಪ್ಪಿಲ್ಲದ ಗಣಿತ ಎಂದು ಬಲ್ಲವನು ಅವನೊಬ್ಬ.

ವಿಮಾನ ಬಿದ್ದದ್ದರ ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ದಾವಲ್ ಎರಡು ಊರುಗೋಲು ಊರಿಕೊಂಡು ಮನೆಗೆ ಬಂದ. ಹಿಂದೆ ಹುಸೇನಬಿ, ಕೈಯಲ್ಲಿ ಸಿಹಿ ಚೊಂಗೆಯ ಡಬ್ಬಿ.

“ಬಾರಪ್ಪಾ, ಕೂಡು, ಕೂಡು,” ಎಂದು ಬಸಲಿಂಗಮ್ಮ ಕುರ್ಚಿ ಎಳೆದಳು.

“ಕಾಕಾ, ನಿಮ್ ಅಕ್ಷರ ಮುತ್ತಿನಂಗ ಅದಾವ. ನನ್ ಹೇಳಿಕಿ ನೀವ ಬರದು ಕೊಡ್ರಿ,” ಎಂದ ದಾವಲ್. “ತಪ್ಪು ನಂದು ಅಂತ ಒಪ್ಪಿಕೊಂಡ್ರ ಕೇಸು ಹಾಕಂಗಿಲ್ಲಂತ. ಲೈಸೆನ್ಸ್ ಅಷ್ಟ ಹೋಗ್ತೈತಿ.”

“ಲೈಸೆನ್ಸ್ ಹೋದ್ರ?”

“ಹೋದ್ರ ಹೋತು. ಮರದ ಕಾಲು ಇಟ್ಕೊಂಡು ಹಾರಬಹುದು ಕಾಕಾ, ಹಾರೋರು ಅದಾರ. ನಾನೂ ಅದನ್ನ ನಂಬಿಕೊಂಡಿದ್ದೆ.” ಅವನು ಊರುಗೋಲನ್ನು ಗೋಡೆಗೆ ಒರಗಿಸಿದ. “ಖರೆ ಹೇಳಬೇಕಂದ್ರ ನನಗ ನೆನಪಿರೋದ ಬ್ಯಾರೆ. ಮೂತಿ ನಾ ಎತ್ತಲಿಲ್ಲ, ತಾನ ಎದ್ದಂಗಾತು. ನಾ ಕೆಳಗ ಒತ್ತೇ ಒತ್ತಿದೆ. ಆದ್ರ ಆಮ್ಯಾಲೆ ನಿಮ್ ಹಾಳಿ ತರಿಸಿ ನೋಡಿದೆ. ಹಾಳಿ ಬರೋಬ್ಬರಿ ಐತಿ. ಮೂರು ವರ್ಷದಾಗ ನಿಮ್ ಹಾಳಿ ಒಮ್ಮೆನೂ ಸುಳ್ಳಾಗಿಲ್ಲ. ಅಂದ್ಮ್ಯಾಲೆ ನನ್ ಕೈನ ಸುಳ್ಳು. ಬರೀರಿ.”

ಪಂಪಾಪತಿ ಬರೆದ. ‘ಕೊನೆಯ ತಿರುವಿನಲ್ಲಿ ನಾನು ವಿಮಾನದ ಮೂತಿಯನ್ನು ಮಿತಿಮೀರಿ’ ಎಂಬಲ್ಲಿಗೆ ಪೆನ್ನು ನಿಂತಿತು. ಆ ಕಡೆ ಹುಸೇನಬಿ ರೊಟ್ಟಿಯ ಅಟ್ಟಿಯ ಪಕ್ಕ ಕೂತು, ಚೀಲವನ್ನು ಒಂದು ಕೈಯಿಂದ ಎತ್ತಲು ನೋಡಿ, “ಬಾಪ್ರೇ, ಎಷ್ಟ್ ಭಾರ ಐತ್ಯಕ್ಕಾ ಇದು!” ಎಂದಳು. “ನಮ್ಮನಿಯವರು ತಂದಾರ, ರೊಟ್ಟಿ ಮ್ಯಾಲಿಡಾಕ ಚಲೋ ಆಗೇತಿ,” ಎಂದಳು ಬಸಲಿಂಗಮ್ಮ.

“ನಾಳೆ ಮುಂಜಾನೆ ಬರದು ತರ್ತೀನಿ,” ಎಂದ ಪಂಪಾಪತಿ. “ಈಗ ಪೆನ್ನು ಮೂಡವಲ್ದು.”

“ತರ್ರಿ ಕಾಕಾ. ನೀವು ಅಲ್ಲಿ ಇರ್ರಿ ಅಷ್ಟ. ನೀವು ಅವತ್ತು ಬರದಿದ್ರ ನಾ ಇವತ್ತು ಇರ್ತಿರಲಿಲ್ಲ.”

ಅವರು ಹೋದ ಮೇಲೆ ಬಸಲಿಂಗಮ್ಮ ಬಾಗಿಲು ಮುಂದೆ ಮಾಡಿ ಬಂದು ಗಂಡನ ಎದುರಿಗೆ ಕೂತಳು.

“ಈ ಚೀಲ ವಿಮಾನದಾಗ ಇತ್ತು,” ಎಂದಳು. “ನಾನ ಹೊಲದಿದ್ದು, ನನಗ ಗುರ್ತಿಲ್ಲೇನು? ಕೆಲ್ಸ ಮುಗದಿರಬೇಕು, ತಂದಾರ ಅನ್ಕೊಂಡಿದ್ದೆ. ಈಗ ಆ ಹುಡುಗ ಮಾತಾಡೋದು ಕೇಳಿ ನೆನಪಾತು. ವಿಮಾನ ಬಿದ್ದ ದಿನಾನ ಅಲ್ಲೇನ್ರಿ ಇದು ಮನಿಗೆ ಬಂದಿದ್ದು?”

ಪಂಪಾಪತಿ ಎಲ್ಲ ಹೇಳಿದ. ಎಲ್ಲ ಅಂದರೆ ಒಂದನ್ನು ಬಿಟ್ಟು. ಬಸಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಕೇಳಿದಳು. ಬೈಯಲಿಲ್ಲ. “ಉಪ್ಪು ತಿಂದಾವ ನೀರು ಕುಡೀಲೇಬೇಕು. ನಾನೇನು ಹೇಳ್ಲಿ,” ಎಂದು ಎದ್ದು, ಹಲಗೆಯ ಮೇಲಿಂದ ಚೀಲ ಇಳಿಸಿ ಅವನ ಕಾಲ ಬಳಿ ಇಟ್ಟಳು.

ಮರುದಿನ ಪಟ್ಟಿಯ ಆಫೀಸಿನಲ್ಲಿ ಮೇಲಿನಿಂದ ಬಂದ ಇಬ್ಬರು ಅಧಿಕಾರಿಗಳು, ಶಾಲ್ಮಲಾ, ದಾವಲ್. ಬಾಗಿಲ ಬಳಿ ಹುಸೇನಬಿ. ಹೇಳಿಕೆ ಎಲ್ಲಿ ಎಂದು ಕೇಳಿದರು. ಪಂಪಾಪತಿ ಮೂಲೆಯ ತೂಕದ ಯಂತ್ರದ ಮೇಲೆ ಚೀಲ ಇಟ್ಟ. ಅಂಕಿ ಹತ್ತಕ್ಕೆ ಬಂದು ನಿಂತಿತು.

“ಇದು ಬಾಲದಾಗ ಇತ್ರಿ,” ಎಂದ. “ಮೂರು ವರ್ಷ ಇತ್ತು. ಹಾಳಿಯಾಗ ಬರದಿಲ್ಲ. ಇಟ್ಟಾವ ನಾನು. ಪಂಪು ಬಂದ ದಿನ ತೆಗೀಬೇಕಿತ್ತು, ತೆಗೀಲಿಲ್ಲ. ಹುಡುಗನ ಕೈ ತಪ್ಪಿಲ್ರಿ.”

ಅಧಿಕಾರಿ ಕನ್ನಡಕ ತೆಗೆದ. “ಹತ್ತು ಕಿಲೋ ಯಾಕೆ?”

ಪಂಪಾಪತಿ ಹುಸೇನಬಿಯ ಕಡೆ ತಿರುಗಿದ. “ನೀನ ಹೇಳವ್ವಾ. ಎಷ್ಟು ಹಾಕ್ತಿದ್ರಿ?”

“ಆರು ಬಿಂದಗಿ ಸಾಹೇಬ್ರ. ಗಸಿ. ಬೋಣಿ ಕೊಸರು.”

ಶಾಲ್ಮಲಾ ಎದ್ದು ನಿಂತಳು. “ಆರು ಬಿಂದಗಿ?” ಎಂದವಳೇ ಕಾಗದ ಎಳೆದುಕೊಂಡು ಗುಣಿಸಿದಳು. ಮುಂದೆ ನಲವತ್ತೈದು, ಹಿಂದೆ ನಲವತ್ತೈದು. ಮುಂದಿನದನ್ನು ಹೊಡೆದು ಹಾಕಿದಳು. ಆಮೇಲೆ ಹಣೆಗೆ ಕೈ ಹಚ್ಚಿ ಕೂತುಬಿಟ್ಟಳು. “ಕೇಳಿದ್ನಲ್ರಿ ನಿಮ್ಮನ್ನ,” ಎಂದಳು ಮೆಲ್ಲಗೆ.

“ಅಂದ್ರ ಕೊಸರಿಲ್ಲಂತನ ಬಿತ್ತು,” ಎಂದಳು ಹುಸೇನಬಿ. ಈ ಸಲ ಯಾರೂ ನಗಲಿಲ್ಲ.

ಅಧಿಕಾರಿ ದಾವಲ್‌ನ ಕಡತ ಮುಚ್ಚಿ ಪಕ್ಕಕ್ಕಿಟ್ಟು ಹೊಸ ಹಾಳೆಯ ಮೇಲೆ ಪಂಪಾಪತಿಯ ಹೆಸರು ಬರೆದ. ಕೇಸಾಗುತ್ತದೆ, ಕೆಲಸ ಹೋಗುತ್ತದೆ ಎಂದ. ಆಗಲಿ ಎಂದ ಪಂಪಾಪತಿ. ಇಷ್ಟು ವಾರಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋದಂತಾಯಿತು. ಅಷ್ಟಕ್ಕೇ ಮುಗಿಯಿತು ಎಂದುಕೊಂಡ, ಹುಚ್ಚಪ್ಪ.

ಹೊರಗೆ ಬೇವಿನ ಗಿಡದ ಕೆಳಗೆ ದಾವಲ್ ನಿಂತಿದ್ದ. ಊರುಗೋಲಿನ ಮೇಲೆ ಭಾರ ಬಿಟ್ಟು ಖಾಲಿ ಪಟ್ಟಿಯ ಕಡೆ ನೋಡುತ್ತಿದ್ದ. ಪಂಪಾಪತಿ ಹತ್ತಿರ ಹೋಗಿ ಕೈ ಜೋಡಿಸಿದ. ದಾವಲ್ ಆ ಕೈ ನೋಡಲಿಲ್ಲ.

“ಕಾಕಾ, ಒಂದು ಕೇಳ್ತೀನಿ. ಚೀಲ ಯಾವಾಗ ತಗದ್ರಿ?”

ಪಂಪಾಪತಿಗೆ ಕುಡಿಯಲು ನೀರು ಬೇಕೆನ್ನಿಸಿತು. ಸರಿದುಹೋಗಲು ಈ ಸಲ ಒಳಮನೆ ಇರಲಿಲ್ಲ.

“ನಿನ್ನ ತೆಗೆಯೋಕ್ಕಿಂತ ಮೊದ್ಲು,” ಎಂದ.

ದಾವಲ್ ಮತ್ತೆ ಖಾಲಿ ಪಟ್ಟಿಯ ಕಡೆ ತಿರುಗಿದ. ಆಮೇಲೆ ಮೆಲ್ಲಗೆ, ಬೈಯುವವನ ಧ್ವನಿಯಲ್ಲ, ಮರೆತದ್ದನ್ನು ನೆನಪು ಮಾಡಿಕೊಳ್ಳುವವನ ಧ್ವನಿಯಲ್ಲಿ ಹೇಳಿದ:

“ನನಗ ಎಚ್ಚರ ಇತ್ತು ಕಾಕಾ. ನಿಮ್ ಮೊಪೆಡ್ ಸಪ್ಪಳ ಕೇಳಿ ಬದುಕಿದೆ ಅನ್ಕೊಂಡೆ. ಹಿಂದ ಸ್ಕ್ರೂ ಬಿಚ್ಚೋ ಸಪ್ಪಳ ಬಂತು. ನನ್ನ ಹೊರಗ ತೆಗೆಯಾಕ ಏನೋ ಬಿಚ್ಚಾಕತ್ತಾರ, ಕಾಕಾಗ ಎಲ್ಲಾ ಗೊತ್ತೈತಿ ಅಂತ ಕಣ್ ಮುಚ್ಕೊಂಡು ಎಣಿಸ್ಕೋತ ಕೂತೆ. ರಕ್ತ ಹರಿಯೋದು ಗೊತ್ತಾಗ್ತಿತ್ತು. ಇನ್ನೊಂದು ಬಿಚ್ಚಿದ್ರ ಬರ್ತಾರ, ಇನ್ನೊಂದು ಬಿಚ್ಚಿದ್ರ ಬರ್ತಾರ ಅಂತ ಎಣಿಸಿದೆ.”

ಅವನು ಪಂಪಾಪತಿಯ ಮುಖ ನೋಡಿದ.

“ನಾಲ್ಕು ಎಣಿಸಿದೆ.”

“ನಾಲ್ಕ ಇದ್ವು,” ಎಂದ ಪಂಪಾಪತಿ.

ದಾವಲ್ ತಲೆಯಾಡಿಸಿದ. ಲೆಕ್ಕ ಸರಿಬಂತು ಎನ್ನುವ ಹಾಗೆ. ಊರುಗೋಲು ತಿರುಗಿಸಿಕೊಂಡು ತಾಯಿ ನಿಂತಿದ್ದ ಕಡೆ ನಡೆದ.